ಬೇಸ್‌ಲೈನ್ ಕುಣಿಯುತ್ತಿದ್ದರೆ ಎಲ್ಲಿಂದ ಹುಡುಕಬೇಕು: ಕರಾವಳಿಯ ಲ್ಯಾಬ್‌ಗಳಿಗೆ ಅಯಾನ್ ಕ್ರೊಮ್ಯಾಟೋಗ್ರಫಿ ಮಾರ್ಗದರ್ಶಿ

ಅಯಾನ್ ಕ್ರೊಮ್ಯಾಟೋಗ್ರಫಿ ಎಂದರೆ ನೀರಿನಲ್ಲಿ ಕರಗಿದ ಅಯಾನುಗಳನ್ನು ಬೇರ್ಪಡಿಸಿ ಅಳೆಯುವ ವಿಧಾನ; ಸ್ಯಾಂಪಲ್ ಹಾಕದಾಗ ಯಂತ್ರ ಎಳೆಯುವ ಗೆರೆಯೇ ಬೇಸ್‌ಲೈನ್. ದೂರು ಯಾವಾಗಲೂ ಹೆಚ್ಚುಕಡಿಮೆ ಒಂದೇ. ಸಪ್ರೆಸರ್ (ಹರಿಯುವ ದ್ರಾವಣದ ವಿದ್ಯುತ್ ವಾಹಕತೆ ತಗ್ಗಿಸುವ ಭಾಗ) ಹೊಸದು ಹಾಕಿ ಆಯಿತು, ಕಾಲಂ (ಅಯಾನುಗಳನ್ನು ಬೇರ್ಪಡಿಸುವ ಕೊಳವೆ) ಬದಲಿಸಿ ಆಯಿತು, ಆದರೂ ಬೇಸ್‌ಲೈನ್ ನಿಲ್ಲುತ್ತಿಲ್ಲ. ಮಂಗಳೂರಿನ ಕುಡಿಯುವ ನೀರಿನ ಲ್ಯಾಬ್ ಇರಲಿ, ಮಲ್ಪೆ ಕಡೆಯ ಮೀನು ಸಂಸ್ಕರಣಾ ಘಟಕದ ಲ್ಯಾಬ್ ಇರಲಿ, ಪಿಎಚ್‌ಡಿ ಮಾಡುವ ಹುಡುಗರಿರಲಿ, ಎಡವುವುದು ಒಂದೇ ಜಾಗದಲ್ಲಿ: ಎಲ್ಲಕ್ಕಿಂತ ದುಬಾರಿ ಭಾಗದಿಂದ ಶುರು ಮಾಡುತ್ತಾರೆ. ತೊಂದರೆ ಬಹುಪಾಲು ಎಲುಯೆಂಟ್ (ಕಾಲಂ ಮೂಲಕ ಹರಿಯುವ ದ್ರಾವಣ) ಬಾಟಲಿಯಲ್ಲೋ, ಪಂಪ್ ಹೆಡ್‌ನಲ್ಲೋ, ಎಸಿ ಬೀಸುವ ದಿಕ್ಕಿನಲ್ಲೋ ಇರುತ್ತದೆ. ಹಾಗಾಗಿ ಇಲ್ಲಿನ ಕ್ರಮ ಅಗ್ಗದಿಂದ ದುಬಾರಿಗೆ ಹೋಗುತ್ತದೆ. ಇಲ್ಲಿ ಹೇಳದ ಹೊರತು ಹಂತ ಹಾರಿಸಬೇಡಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಮಾಡಿದ್ದನ್ನು ಬರೆದಿಡಿ.

ಫ್ಲೋರೈಡ್, ಕ್ಲೋರೈಡ್, ನೈಟ್ರೇಟ್, ಸಲ್ಫೇಟ್‌ನಂಥ ಋಣ ಅಯಾನುಗಳನ್ನು ಸಪ್ರೆಸರ್ ಹಾಕಿ ಕಂಡಕ್ಟಿವಿಟಿ (ವಿದ್ಯುತ್ ವಾಹಕತೆ) ಡಿಟೆಕ್ಟರಿನಲ್ಲಿ ಅಳೆಯುವವರನ್ನು ಮನಸ್ಸಿನಲ್ಲಿಟ್ಟು ಇದನ್ನು ಬರೆದಿದ್ದೇನೆ. ಧನ ಅಯಾನು ಮಾಡುವವರಿಗೂ ಹೆಚ್ಚಿನದು ಅನ್ವಯಿಸುತ್ತದೆ.

## ಕೈಯಲ್ಲಿ ಏನೇನು ಇರಬೇಕು

10 ಎಂಎಲ್ ಸಿರಿಂಜ್, 10 ಎಂಎಲ್ ಅಳತೆ ಸಿಲಿಂಡರ್, ಸ್ಟಾಪ್‌ವಾಚ್ (ಮೊಬೈಲ್ ಸಾಕು), ಪುಟ್ಟ ಡಿಜಿಟಲ್ ಥರ್ಮಾಮೀಟರ್, ಮಲ್ಟಿಮೀಟರ್, ಪೀಕ್ (PEEK ಎಂಬ ಗಟ್ಟಿ ಪ್ಲಾಸ್ಟಿಕ್) ಟ್ಯೂಬಿಂಗ್ ಕಟರ್, ಟ್ಯೂಬ್ ಜೋಡಿಸುವ ಒಂದೆರಡು ಯೂನಿಯನ್, ಹೆಚ್ಚುವರಿ ಫೆರೂಲ್ (ಸೋರದಂತೆ ಬಿಗಿಯುವ ಉಂಗುರ), ಪೌಡರ್ ಇಲ್ಲದ ನೈಟ್ರೈಲ್ ಗ್ಲೌಸ್. ಇವುಗಳ ಜೊತೆಗೆ ತೆಳು ಪೀಕ್ ಟ್ಯೂಬಿನ ಉದ್ದನೆಯ ಸುರುಳಿ ಒಂದು ಬೇಕು, ಕಾಲಂ ಇಲ್ಲದೆಯೂ ಪಂಪಿಗೆ ಸಾವಿರ ಪಿಎಸ್‌ಐ ಹತ್ತಿರ ಒತ್ತಡ ಕೊಡುವಂಥದ್ದು. ಇದು ಯಾಕೆ ಬೇಕು ಎನ್ನುವುದು ಮುಂದೆ ಗೊತ್ತಾಗುತ್ತದೆ.

ಗ್ಲೌಸ್ ವಿಷಯದಲ್ಲಿ ಉದಾಸೀನ ಬೇಡ. ನಮ್ಮ ಸೆಕೆಯಲ್ಲಿ ಬೆರಳ ತುದಿಯ ಬೆವರು ಒಂದು ಫಿಟ್ಟಿಂಗಿಗೆ ತಾಗಿದರೂ ಬ್ಲಾಂಕ್‌ನಲ್ಲಿ (ಸ್ಯಾಂಪಲ್ ಬದಲು ಶುದ್ಧ ನೀರು ಹಾಕಿದ ರನ್) ಕ್ಲೋರೈಡ್ ಕಾಣಿಸುತ್ತದೆ.

## ಹಂತ 1: ಏನನ್ನೂ ಮುಟ್ಟದೆ ಗೆರೆಯನ್ನು ಓದಿ

ಇಂಜೆಕ್ಷನ್ ಕೊಡದೆ ಅರ್ಧ ಗಂಟೆ ಓಡಿಸಿ. ಬ್ಯಾಕ್‌ಗ್ರೌಂಡ್ ಕಂಡಕ್ಟಿವಿಟಿ, ಪಂಪಿನ ಒತ್ತಡ, ಆ ಒತ್ತಡ ಎಷ್ಟು ಮೇಲೆ ಕೆಳಗೆ ಆಡುತ್ತಿದೆ ಎಂಬುದನ್ನು ಬರೆದುಕೊಳ್ಳಿ. ಕಾರ್ಬೊನೇಟ್ ಎಲುಯೆಂಟ್ ಆದರೆ ಸಪ್ರೆಸರ್ ಆದ ಮೇಲಿನ ಬ್ಯಾಕ್‌ಗ್ರೌಂಡ್ ಸಾಮಾನ್ಯವಾಗಿ 15ರಿಂದ 25 ಮೈಕ್ರೋಸೀಮೆನ್ಸ್ ಆಸುಪಾಸು. ಹೈಡ್ರಾಕ್ಸೈಡ್ ಆದರೆ 3ರ ಒಳಗೆ, ಒಳ್ಳೆಯ ದಿನ 1ಕ್ಕಿಂತಲೂ ಕಡಿಮೆ. ಒತ್ತಡದ ಆಟ ಒಟ್ಟು ಒತ್ತಡದ ಶೇ. 1ರೊಳಗೆ ಇರಬೇಕು, 1500 ಪಿಎಸ್‌ಐಗೆ ಅಂದರೆ 15.

ಈಗ ಗೆರೆಯ ಆಕಾರ ನೋಡಿ. ಸಣ್ಣ, ಸಮ ಅಂತರದ ಅಲೆ ಒತ್ತಡದ ಅಲೆಯ ಜೊತೆಗೇ ಏರಿಳಿಯುತ್ತಿದ್ದರೆ ಪಂಪ್ ಅಥವಾ ಅದರೊಳಗಿನ ಗುಳ್ಳೆ. ಹತ್ತಿಪ್ಪತ್ತು ನಿಮಿಷಕ್ಕೊಮ್ಮೆ ನಿಧಾನ ಎದ್ದು ಬೀಳುವ ದೊಡ್ಡ ಅಲೆಯಾದರೆ ಎಸಿ. ಒಂದೇ ಕಡೆಗೆ ಜಾರುತ್ತಿದ್ದರೆ ಸಿಸ್ಟಂ ಇನ್ನೂ ಹದಕ್ಕೆ ಬಂದಿಲ್ಲ, ಇಲ್ಲವೆ ಎಲುಯೆಂಟ್ ಗಾಳಿಯನ್ನು ಹೀರುತ್ತಿದೆ, ಇಲ್ಲವೆ ಸಪ್ರೆಸರ್ ಸೋಲುತ್ತಿದೆ. ಲೆಕ್ಕವಿಲ್ಲದೆ ಚುಚ್ಚುವ ಸ್ಪೈಕ್‌ಗಳು ಸೆಲ್ (ಡಿಟೆಕ್ಟರಿನ ಅಳೆಯುವ ಕೋಶ) ಒಳಗಿನ ಗುಳ್ಳೆಯಿಂದ ಅಥವಾ ಕರೆಂಟ್‌ನಿಂದ ಬರುತ್ತವೆ. ಅಗಲವಾದ ಗುಡ್ಡದಂಥ ಉಬ್ಬು ಕಂಡರೆ ಅದು ಹಿಂದಿನ ಯಾವುದೋ ಸ್ಯಾಂಪಲ್‌ನ ಬಾಕಿ.

ಇಂಜೆಕ್ಷನ್ ಆದ ಕೂಡಲೇ ಸ್ಯಾಂಪಲ್‌ನ ನೀರಿನಿಂದ ಗೆರೆಯಲ್ಲಿ ಬರುವ ತಗ್ಗು ತೊಂದರೆಯಲ್ಲ. ಅದನ್ನು ಸರಿಮಾಡಲು ಹೋಗಿ ದಿನ ಕಳೆಯುವವರು ಈಗಲೂ ಇದ್ದಾರೆ.

## ಹಂತ 2: ಯಂತ್ರವನ್ನು ಎರಡು ಭಾಗ ಮಾಡಿ ನೋಡಿ

ಎಚ್ಚರ: ಪಂಪ್ ನಿಲ್ಲಿಸುವ ಮೊದಲು ಸಪ್ರೆಸರ್ ಕರೆಂಟ್ ಆಫ್ ಮಾಡಿ. ಹರಿವಿಲ್ಲದ ಸಪ್ರೆಸರ್‌ಗೆ ಕರೆಂಟ್ ಹರಿದರೆ ಮೆಂಬ್ರೇನ್ ಸುಟ್ಟೇ ಹೋಗುತ್ತದೆ. ಹರಿವು ನಿಂತಾಗ ಸಪ್ರೆಸರ್ ತಾನಾಗಿ ಆಫ್ ಆಗುವಂತೆ ಸಾಫ್ಟ್‌ವೇರ್‌ನಲ್ಲಿ ಹೊಂದಿಸಿದ್ದರೂ ಕಣ್ಣಾರೆ ನೋಡಿಯೇ ಮುಂದುವರಿಯಿರಿ.

ಕರೆಂಟ್ ಆಫ್ ಮಾಡಿ, ಪಂಪ್ ನಿಲ್ಲಿಸಿ, ಡಿಟೆಕ್ಟರ್ ಓಡುತ್ತಿರಲಿ. ಗೆರೆ ಬೇರೆ ಮಟ್ಟಕ್ಕೆ ಹೋಗಿ ನಿಧಾನ ಜಾರಬಹುದು, ಅದನ್ನು ಬಿಡಿ. ನೋಡಬೇಕಾದ್ದು ಸಣ್ಣ ನಡುಕ ಹೋಯಿತೇ ಎಂದು. ಹೋದರೆ ತಪ್ಪು ಹರಿವಿನ ದಾರಿಯಲ್ಲಿ ಉಂಟು: ಎಲುಯೆಂಟ್, ಪಂಪ್, ಸಪ್ರೆಸರ್. ಹರಿವೇ ಇಲ್ಲದಿದ್ದರೂ ಗೆರೆ ನಡುಗುತ್ತಿದ್ದರೆ ಸೆಲ್, ವಯರಿಂಗ್ ಅಥವಾ ಅರ್ತಿಂಗ್. ನೇರ ಹಂತ 4ಕ್ಕೆ, ಅಲ್ಲಿ ಸಿಗದಿದ್ದರೆ ಹಂತ 8ಕ್ಕೆ ಹೋಗಿ.

ಇನ್ನೊಂದು ಪರೀಕ್ಷೆ: ಹರಿವನ್ನು ಅರ್ಧಕ್ಕೆ ಇಳಿಸಿ, ಸಪ್ರೆಸರ್ ಕರೆಂಟನ್ನೂ ಅರ್ಧ ಮಾಡಿ. ಅಲೆಗಳ ನಡುವಿನ ಅಂತರ ದುಪ್ಪಟ್ಟಾದರೆ ಅದು ಪಿಸ್ಟನ್ನಿನ ಅಲೆಯೇ, ಬೇರೆ ಸಾಕ್ಷಿ ಬೇಡ. ಅಂತರ ಹಾಗೇ ಉಳಿದರೆ ಪಂಪ್ ನಿರಪರಾಧಿ.

## ಹಂತ 3: ನೀರು ಮತ್ತು ಎಲುಯೆಂಟ್

ನೀರು 18.2 ಮೆಗಾಓಮ್ ಇರಬೇಕು, ಅಂದರೆ 25 ಡಿಗ್ರಿಯಲ್ಲಿ 0.055 ಮೈಕ್ರೋಸೀಮೆನ್ಸ್. ಅದೇ ನೀರನ್ನು ಕ್ಯಾನಿನಲ್ಲಿ ತುಂಬಿ ಇಟ್ಟರೆ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ 1 ಮೈಕ್ರೋಸೀಮೆನ್ಸ್ ಹತ್ತಿರ ಬಂದು ನಿಲ್ಲುತ್ತದೆ. ಬೆಳಿಗ್ಗೆ ಹಿಡಿದಿಟ್ಟ ನೀರಿನಲ್ಲಿ ಮಧ್ಯಾಹ್ನ ಎಲುಯೆಂಟ್ ಮಾಡಬೇಡಿ. ಮೊದಲು ಬರುವ ನೀರನ್ನು ಚೆಲ್ಲಿ, ಮೀಟರ್ 18.2ಕ್ಕೆ ನಿಂತ ಮೇಲೆ ಟ್ಯೂಬನ್ನು ಬಾಟಲಿಯ ಅಡಿಗೆ ಮುಟ್ಟಿಸಿ ಸದ್ದಿಲ್ಲದೆ ತುಂಬಿಸಿ. ಮೀಟರ್ ಸರಿ ತೋರಿಸಿತು ಎಂದ ಮಾತ್ರಕ್ಕೆ ನೀರು ಶುದ್ಧ ಎಂದಲ್ಲ. ಬ್ಯಾಕ್ಟೀರಿಯಾ, ಸಾವಯವ ಕಲ್ಮಶ ಆ ಮೀಟರಿಗೆ ಕಾಣುವುದಿಲ್ಲ. ಪಾಲಿಷರ್ (ನೀರು ಶುದ್ಧ ಮಾಡುವ ಯಂತ್ರ) ಕೆಟ್ಟಿದೆ ಎಂದು ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಅಂಗಡಿಯಿಂದ ತಂದು ಹಾಕುವವರೂ ಇದ್ದಾರೆ ಮಾರಾಯ್ರೆ. ಅಂಥ ನೀರಿನಲ್ಲಿ ಈ ಮಾರ್ಗದರ್ಶಿಯ ಒಂದು ಸಾಲೂ ಕೆಲಸಕ್ಕೆ ಬರುವುದಿಲ್ಲ.

ಇನ್ನು ಎಲುಯೆಂಟ್. ಬಹಳ ಕಡೆ ಬಳಸುವ ಒಂದು ಪಾಕ 3.2 ಮಿಲಿಮೋಲಾರ್ ಸೋಡಿಯಂ ಕಾರ್ಬೊನೇಟ್, 1.0 ಮಿಲಿಮೋಲಾರ್ ಸೋಡಿಯಂ ಬೈಕಾರ್ಬೊನೇಟ್. ಲೀಟರಿಗೆ ಕಾರ್ಬೊನೇಟ್ 339 ಮಿಲಿಗ್ರಾಂ, ಬೈಕಾರ್ಬೊನೇಟ್ 84 ಮಿಲಿಗ್ರಾಂ. ಇಷ್ಟು ಸಣ್ಣ ತೂಕದಲ್ಲಿ ತೇವ ಲೆಕ್ಕ ಕೆಡಿಸುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಜಲರಹಿತ ಕಾರ್ಬೊನೇಟ್ ಡಬ್ಬಿಯ ಮುಚ್ಚಳ ತೆಗೆದಿಟ್ಟರೆ ನೀರೆಳೆದುಕೊಂಡು ಗಂಟು ಕಟ್ಟುತ್ತದೆ. ಅದಕ್ಕೆ ಓವನ್‌ನಲ್ಲಿ ಒಣಗಿಸುತ್ತಾರೆ, ಸರಿ. ಆದರೆ ಅದೇ ಟ್ರೇಯಲ್ಲಿ ಬೈಕಾರ್ಬೊನೇಟನ್ನೂ ಇಟ್ಟು 105 ಡಿಗ್ರಿಗೆ ಬಿಡುತ್ತಾರೆ. ಬೈಕಾರ್ಬೊನೇಟ್ ಆ ಬಿಸಿಗೆ ಒಡೆದು ಕಾರ್ಬೊನೇಟೇ ಆಗಿಬಿಡುತ್ತದೆ. ಆಮೇಲೆ ತೂಗಿ ಹಾಕಿದ್ದು ಲೇಬಲ್‌ನಲ್ಲಿ ಬರೆದದ್ದಲ್ಲ. ರಿಟೆನ್ಷನ್ ಸಮಯ (ಅಯಾನು ಕಾಲಂನಿಂದ ಹೊರಬರಲು ಹಿಡಿಯುವ ಹೊತ್ತು) ಕಡಿಮೆಯಾಗುತ್ತದೆ, ಬ್ಯಾಕ್‌ಗ್ರೌಂಡ್ ಹೊಸ ಮಟ್ಟಕ್ಕೆ ಹೋಗುತ್ತದೆ, ಕಾಲಂ ಹೋಯಿತು ಎಂದು ಆರ್ಡರ್ ಹಾಕುತ್ತಾರೆ. ಕಾರ್ಬೊನೇಟ್ ಮಾತ್ರ ಓವನ್‌ಗೆ, ಬೈಕಾರ್ಬೊನೇಟ್ ಡೆಸಿಕೇಟರ್‌ಗೆ.

ಹೈಡ್ರಾಕ್ಸೈಡ್ ಕೈಯಿಂದ ಮಾಡುವವರಿಗೆ ಇಂಗಾಲದ ಡೈಆಕ್ಸೈಡೇ ದೊಡ್ಡ ಶತ್ರು. ಬಿಲ್ಲೆ ಕರಗಿಸಿ ಮಾಡಬೇಡಿ. ಶೇ. 50ರ ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣ ಕೊಳ್ಳಿ. ಅದರಲ್ಲಿ ಕಾರ್ಬೊನೇಟ್ ಕರಗದೆ ತಳಕ್ಕೆ ಕೂರುತ್ತದೆ. ಬಾಟಲಿ ಅಲ್ಲಾಡಿಸದೆ ನಡುಭಾಗದಿಂದ ಪಿಪೆಟ್ ಮಾಡಿ, ಗಾಳಿ ತೆಗೆದ ನೀರಿಗೆ ಸೇರಿಸಿ, ಮೇಲೆ ನೈಟ್ರೋಜನ್ ಇಡಿ. ಗ್ರೇಡಿಯಂಟ್ (ಎಲುಯೆಂಟ್ ಸಾಂದ್ರತೆ ಏರಿಸುತ್ತಾ ಹೋಗುವ ರನ್) ಓಡುವಾಗ ಬೇಸ್‌ಲೈನ್ ಬೆಟ್ಟ ಹತ್ತಿದಂತೆ ಏರಿದರೆ ಎಲುಯೆಂಟ್‌ಗೆ ಕಾರ್ಬೊನೇಟ್ ಸೇರಿದೆ ಎಂದೇ ಮೊದಲು ಅನುಮಾನಿಸಿ.

ಬಾಟಲಿಯ ಗಾಳಿ ಕಿಂಡಿಗೆ ಸೋಡಾ ಲೈಮ್ ತುಂಬಿದ ಕೊಳವೆ ಹಾಕಿದ್ದರೆ ಆಟಿ ತಿಂಗಳ ತೇವಕ್ಕೆ ಅದು ಗಟ್ಟಿಯಾಗಿ ಗಾಳಿಯ ದಾರಿಯೇ ಮುಚ್ಚಬಹುದು. ಆಗ ಬಾಟಲಿಯೊಳಗೆ ನಿರ್ವಾತ ಎದ್ದು ಪಂಪಿಗೆ ಗುಳ್ಳೆ ಬರುತ್ತದೆ. ಹೊರಗಿಂದ ನೋಡಿದರೆ ಪಂಪ್ ಕೆಟ್ಟ ಹಾಗೆಯೇ ಕಾಣುತ್ತದೆ. ಮುಚ್ಚಳ ಸಡಿಲಿಸಿದಾಗ 'ಸ್‌ಸ್' ಎಂದರೆ ಅದೇ ಕಾರಣ.

ಹಳೆಯ ಎಲುಯೆಂಟ್ ಮೇಲೆ ಹೊಸದನ್ನು ತುಂಬುವ ಅಭ್ಯಾಸ ಬಿಡಿ. ಇಲ್ಲಿನ ಸೆಕೆಗೆ ಒಂದು ವಾರದ ಕಾರ್ಬೊನೇಟ್ ಬಾಟಲಿಯ ತಳ ಬೆರಳಿಗೆ ಲೋಳೆ ಲೋಳೆಯಾಗಿ ಸಿಗುತ್ತದೆ. ಇನ್ಲೆಟ್ ಫಿಲ್ಟರ್ ಹಳದಿ ಅಥವಾ ಜಾರು ಜಾರಾಗಿದ್ದರೆ ತೊಳೆಯುತ್ತಾ ಕೂರಬೇಡಿ, ಬದಲಿಸಿ. ಗಾಜಿನ ಬಾಟಲಿಗಿಂತ ಪಾಲಿಪ್ರೊಪಿಲೀನ್ ಒಳ್ಳೆಯದು. ಕ್ಷಾರಕ್ಕೆ ಗಾಜು ಸ್ವಲ್ಪ ಸ್ವಲ್ಪವೇ ಕರಗುತ್ತದೆ.

## ಹಂತ 4: ಸೆಕೆ, ಎಸಿ, ಕರೆಂಟ್

ಕಂಡಕ್ಟಿವಿಟಿ ಪ್ರತಿ ಡಿಗ್ರಿಗೆ ಸುಮಾರು ಶೇ. 2 ಬದಲಾಗುತ್ತದೆ. ಬ್ಯಾಕ್‌ಗ್ರೌಂಡ್ 20 ಮೈಕ್ರೋಸೀಮೆನ್ಸ್ ಇದ್ದರೆ ಒಂದು ಡಿಗ್ರಿಗೆ 0.4, ಅಂದರೆ 400 ನ್ಯಾನೋಸೀಮೆನ್ಸ್. ಸೆಲ್‌ನ ಉಷ್ಣತೆ ಡಿಗ್ರಿಯ ಹತ್ತರಲ್ಲಿ ಒಂದು ಭಾಗ ಅಲುಗಿದರೂ ಗೆರೆ 40 ನ್ಯಾನೋಸೀಮೆನ್ಸ್ ಸರಿಯುತ್ತದೆ. ಡಿಟೆಕ್ಟರ್ ತಾನೇ ಉಷ್ಣತೆಯ ಲೆಕ್ಕ ಸರಿದೂಗಿಸುತ್ತದೆ ನಿಜ, ಆದರೆ ಪೂರ್ತಿಯಾಗಿ ಅಲ್ಲ. ಸಪ್ರೆಸರ್ ಇಲ್ಲದ ಧನ ಅಯಾನು ವಿಧಾನದಲ್ಲಿ ಬ್ಯಾಕ್‌ಗ್ರೌಂಡ್ ಕೆಲವು ನೂರು ಮೈಕ್ರೋಸೀಮೆನ್ಸ್ ಇರುವುದರಿಂದ ಅವರಿಗೆ ಈ ಹಂತವೇ ಎಲ್ಲಕ್ಕಿಂತ ಮುಖ್ಯ.

ಕರಾವಳಿಯಲ್ಲಿ ಹೆಚ್ಚಿನವರು ಗಮನಿಸದ ವಿಷಯ ಒಂದುಂಟು. ಬಹಳಷ್ಟು ಕಾಲಂ ಓವನ್‌ಗಳು ಬಿಸಿ ಮಾಡಬಲ್ಲವು, ತಂಪು ಮಾಡಲಾರವು. ಮೆಥಡ್‌ನಲ್ಲಿ 30 ಡಿಗ್ರಿ ಎಂದು ಬರೆದಿರುತ್ತದೆ. ಏಪ್ರಿಲ್ ಮೇಯಲ್ಲಿ ಎಸಿ ನಿಂತರೆ ಮಂಗಳೂರಿನ ಕೋಣೆಯೇ 32 ದಾಟುತ್ತದೆ. ಆಗ ಓವನ್ ಹೆಸರಿಗೆ ಮಾತ್ರ 30. ಒಳಗೆ ಕೋಣೆಯ ಉಷ್ಣತೆಯೇ ಕುಣಿಯುತ್ತಿರುತ್ತದೆ. ಓವನ್ ಕೋಣೆಗಿಂತ ಕನಿಷ್ಠ 5 ಡಿಗ್ರಿ ಮೇಲಿರಬೇಕು. ಕೋಣೆಯನ್ನು 24ರಲ್ಲಿ ಇಡಿ, ಇಲ್ಲವೆ ಓವನ್ 35ಕ್ಕೆ ಏರಿಸಿ. ಏರಿಸಿದರೆ ಕ್ಯಾಲಿಬ್ರೇಶನ್ ಮತ್ತು ರಿಟೆನ್ಷನ್ ಸಮಯ ಮತ್ತೆ ಮಾಡಬೇಕು. ಎಲೆಕ್ಟ್ರೊಲಿಟಿಕ್ (ಕರೆಂಟಿನಿಂದ ನಡೆಯುವ) ಸಪ್ರೆಸರ್‌ಗೆ 40 ಡಿಗ್ರಿ ಮಿತಿ ಎಂಬುದನ್ನೂ ಮರೆಯಬೇಡಿ.

ಎಸಿಯೇ ಕಾರಣವೇ ಎಂದು ತಿಳಿಯಲು ಥರ್ಮಾಮೀಟರ್ ಅನ್ನು ಡಿಟೆಕ್ಟರ್ ಪಕ್ಕ ಇಟ್ಟು ಒಂದು ಗಂಟೆ ಎರಡೆರಡು ನಿಮಿಷಕ್ಕೆ ಬರೆದುಕೊಳ್ಳಿ, ಬೇಸ್‌ಲೈನ್ ಪ್ರಿಂಟಿನ ಮೇಲೆಯೇ ಪೆನ್ಸಿಲ್‌ನಲ್ಲಿ ಆ ಚುಕ್ಕಿ ಹಾಕಿ. ಎರಡೂ ಜೊತೆಯಾಗಿ ಏರಿಳಿದರೆ ಕಂಪ್ರೆಸರ್ ಆನ್ ಆಫ್ ಆಗುವುದೇ ನಿಮ್ಮ ಅಲೆ. ಗಾಳಿ ನೇರ ಯಂತ್ರಕ್ಕೆ ಬಡಿಯದಂತೆ ಎಸಿಯ ರೆಕ್ಕೆ ತಿರುಗಿಸಿ, ಸಾಲದಿದ್ದರೆ ರಟ್ಟಿನ ಅಡ್ಡ ಕಟ್ಟಿ. ನೋಡಲು ಚೆಂದ ಇಲ್ಲ, ಆದರೆ ಕೆಲಸ ಆಗುತ್ತದೆ.

ರಾತ್ರಿ ಎಸಿ ಆಫ್ ಮಾಡಿ ಹೋಗುವ ಕಡೆ ಮಳೆಗಾಲದಲ್ಲಿ ಡಿಟೆಕ್ಟರಿನ ಪವರ್ ಆಫ್ ಮಾಡಬೇಡಿ. ಒಳಗಿನ ಸ್ವಲ್ಪ ಬಿಸಿಯೇ ತೇವ ಕೂರದಂತೆ ಕಾಯುತ್ತದೆ. ಪೂರ್ತಿ ಆಫ್ ಆಗಿದ್ದರೆ ಬೆಳಿಗ್ಗೆ ಆನ್ ಮಾಡಿ ಎರಡು ಗಂಟೆ ಕಾಯಿರಿ. ಆ ಎರಡು ಗಂಟೆಯ ಡ್ರಿಫ್ಟ್ ನೋಡಿ ಏನನ್ನೂ ಬಿಚ್ಚಬೇಡಿ.

ಸ್ಪೈಕ್ ಬಂದ ಹೊತ್ತು ಬರೆದುಕೊಂಡು, ಅದೇ ಲೈನಿನಲ್ಲಿರುವ ಫ್ರಿಜ್, ಆಟೋಕ್ಲೇವ್, ಮಫಲ್ ಫರ್ನೇಸ್ ಆನ್ ಆದ ಹೊತ್ತಿಗೆ ಹೋಲಿಸಿ. ಮಲ್ಟಿಮೀಟರಿನಲ್ಲಿ ನ್ಯೂಟ್ರಲ್ ಮತ್ತು ಅರ್ತ್ ನಡುವೆ 2–3 ವೋಲ್ಟ್‌ಗಿಂತ ಹೆಚ್ಚು ತೋರಿಸಿದರೆ ಎಲೆಕ್ಟ್ರಿಷಿಯನ್‌ಗೆ ಹೇಳಿ. ನಮ್ಮ ಮುರಕಲ್ಲಿನ ನೆಲ ಬೇಸಿಗೆಯಲ್ಲಿ ಒಣಗಿ ಅರ್ತ್ ಪಿಟ್ ಸತ್ತಂತೆ ಆಗುತ್ತದೆ. ಕೆಲವೊಮ್ಮೆ ನಾಲ್ಕು ಕೊಡ ನೀರು ಹೊಯ್ದರೆ ಸ್ಪೈಕ್ ಕಡಿಮೆಯಾಗುತ್ತದೆ. ಮನೆಯ ಇನ್ವರ್ಟರ್ ಬೇಡ, ಶುದ್ಧ ಸೈನ್ ವೇವ್ ಕೊಡುವ ಆನ್‌ಲೈನ್ ಯುಪಿಎಸ್ ಬೇಕು.

## ಹಂತ 5: ಪಂಪ್

ಗುಳ್ಳೆ ತೆಗೆಯುವುದು. ಬಾಟಲಿ ಪಂಪಿಗಿಂತ ಎತ್ತರದಲ್ಲಿರಲಿ. ಪ್ರೈಮ್ ವಾಲ್ವ್ ತೆರೆದು ಸಿರಿಂಜಿನಿಂದ 10–20 ಎಂಎಲ್ ನಿಧಾನ ಎಳೆಯಿರಿ. ಜೋರಾಗಿ ಎಳೆದರೆ ಎಳೆತಕ್ಕೇ ಹೊಸ ಗುಳ್ಳೆ ಹುಟ್ಟುತ್ತದೆ. ಎಳೆದಷ್ಟೂ ಗುಳ್ಳೆ ಬರುತ್ತಲೇ ಇದ್ದರೆ ಇನ್ಲೆಟ್ ಟ್ಯೂಬಿನ ಫಿಟ್ಟಿಂಗ್ ಗಾಳಿ ಹೀರುತ್ತಿದೆ ಅಥವಾ ಫಿಲ್ಟರ್ ಕಟ್ಟಿದೆ.

ಹರಿವು ಅಳೆಯುವುದು. ಹರಿವು ನಿಮಿಷಕ್ಕೆ 1 ಎಂಎಲ್ ಎಂದಿದ್ದರೆ ಸಿಲಿಂಡರ್‌ನಲ್ಲಿ 10 ನಿಮಿಷಕ್ಕೆ 10 ಎಂಎಲ್ ಬರಬೇಕು. 9.5 ಬಂದರೆ ಎಲ್ಲೋ ಸೋರುತ್ತಿದೆ ಅಥವಾ ಚೆಕ್ ವಾಲ್ವ್ (ಒಂದೇ ದಿಕ್ಕಿಗೆ ಬಿಡಬೇಕಾದ ಕವಾಟ) ಹಿಂದಕ್ಕೆ ಬಿಡುತ್ತಿದೆ.

ಚೆಕ್ ವಾಲ್ವ್. ಮೊದಲು ಪಂಪಿನೊಳಗಿನ ಕಾರ್ಬೊನೇಟನ್ನು ನೀರಿನಿಂದ ಪೂರ್ತಿ ತೊಳೆಯಿರಿ. ನೇರ ಆಲ್ಕೋಹಾಲ್ ಹಾಕಿದರೆ ಉಪ್ಪು ಅಲ್ಲೇ ಗಟ್ಟಿಯಾಗುತ್ತದೆ. ಬಿಚ್ಚುವಾಗ ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಿ. ಇನ್ಲೆಟ್ ವಾಲ್ವ್ ಕೆಳಗೆ, ಔಟ್ಲೆಟ್ ಮೇಲೆ, ಬಾಣದ ಗುರುತು ಹರಿವಿನ ದಿಕ್ಕಿಗೆ. ಬೀಕರಿನಲ್ಲಿ ನೀರು, ಆಮೇಲೆ ಐಸೊಪ್ರೊಪನಾಲ್, ಮತ್ತೆ ನೀರು, ಒಂದೊಂದರಲ್ಲೂ ಹತ್ತು ನಿಮಿಷ ಸೋನಿಕೇಟರ್. ಪೀಕ್ ಭಾಗಗಳಿಗೆ ಗಾಢ ನೈಟ್ರಿಕ್ ಅಥವಾ ಸಲ್ಫ್ಯೂರಿಕ್ ಆಮ್ಲ ತಾಗಿಸಬೇಡಿ, ಅದು ಪೀಕನ್ನು ತಿನ್ನುತ್ತದೆ. ಮರಳಿ ಹಾಕುವಾಗ ಬೆರಳಿನ ಬಿಗಿ, ಮೇಲೆ ಸ್ವಲ್ಪ. ಸ್ಪ್ಯಾನರ್ ಹಿಡಿದು ಬಲ ಹಾಕಿದರೆ ಹೊಸ ತೊಂದರೆ ಖಂಡಿತ.

ಸೀಲ್. ಪಂಪ್ ಹೆಡ್ಡಿನ ಹಿಂಬದಿಗೆ ಟಾರ್ಚ್ ಹಿಡಿದು ನೋಡಿ. ಪಿಸ್ಟನ್ ಸುತ್ತ ಬಿಳಿ ಉಪ್ಪಿನ ಉಂಗುರ ಇದ್ದರೆ ಸೀಲ್ ಮುಗಿದಿದೆ. ಆ ಹರಳು ಪಿಸ್ಟನ್ನನ್ನೂ ಗೀರುತ್ತದೆ, ತಡ ಮಾಡಬೇಡಿ. ಸೀಲ್ ವಾಶ್ (ಸೀಲ್‌ನ ಹಿಂಬದಿ ತೊಳೆಯುವ ವ್ಯವಸ್ಥೆ) ಇದ್ದರೆ ಅದರ ಬಾಟಲಿಯಲ್ಲಿ ನೀರು ಉಂಟೇ ಎಂದು ಈಗಲೇ ನೋಡಿ. ಖಾಲಿ ಇರುವುದೇ ಹೆಚ್ಚು.

ಕಾಲಂ ತೆಗೆದು ಪಂಪನ್ನು ಪರೀಕ್ಷಿಸುವಾಗ ಮೊದಲು ಹೇಳಿದ ಸುರುಳಿ ಹಾಕಿ. ಒತ್ತಡವಿಲ್ಲದಿದ್ದರೆ ಚೆಕ್ ವಾಲ್ವ್‌ಗಳು ಸರಿಯಾಗಿ ಕೂರುವುದಿಲ್ಲ, ಒಳ್ಳೆಯ ಪಂಪೂ ಕೆಟ್ಟಂತೆ ಕಾಣುತ್ತದೆ.

## ಹಂತ 6: ಸಪ್ರೆಸರ್

ಎಲೆಕ್ಟ್ರೊಲಿಟಿಕ್ ಸಪ್ರೆಸರ್ ಇರುವವರು ಮೊದಲು ಕರೆಂಟಿನ ಲೆಕ್ಕ ನೋಡಿ. 4 ಮಿ.ಮೀ. ಡಯೋನೆಕ್ಸ್ ಕಂಪನಿಯ ಮಾದರಿಗೆ ಸೂತ್ರ: ಕರೆಂಟ್ (ಮಿಲಿಆಂಪ್) = ಹರಿವು × ಎಲುಯೆಂಟ್‌ನ ಮಿಲಿಈಕ್ವಿವಲೆಂಟ್ ಸಾಂದ್ರತೆ × 2.47. ಕಾರ್ಬೊನೇಟ್‌ಗೆ ಮಿಲಿಮೋಲಾರ್ ಅಂಕಿಯನ್ನು ಎರಡರಿಂದ ಗುಣಿಸಬೇಕು. 4.5 ಮಿಲಿಮೋಲಾರ್ ಕಾರ್ಬೊನೇಟ್, 1.4 ಬೈಕಾರ್ಬೊನೇಟ್ ಎಂದರೆ 10.4, ಹರಿವು 1.2 ಎಂಎಲ್ ಆದರೆ 31 ಮಿಲಿಆಂಪ್. ಯಾರೋ ಹಿಂದೆ ಹೈಡ್ರಾಕ್ಸೈಡ್‌ಗೆಂದು ಇಟ್ಟ 75 ಮಿಲಿಆಂಪ್ ಹಾಗೇ ಉಳಿದಿರುವುದು ಸಾಮಾನ್ಯ. ಹೆಚ್ಚಿನ ಕರೆಂಟ್ ಎಂದರೆ ಬಿಸಿ, ಗುಳ್ಳೆ, ನಾಯ್ಸ್, ಬೇಗ ಸಾವು. ಕಡಿಮೆಯಾದರೆ ಬ್ಯಾಕ್‌ಗ್ರೌಂಡ್ ಮೇಲೇರುತ್ತದೆ.

ವೇಸ್ಟ್ ಟ್ಯೂಬಿನಲ್ಲಿ ಗುಳ್ಳೆ ಬೆರೆತ ದ್ರವ ಸತತ ಬರಬೇಕು. ತೊಟ್ಟಿಕ್ಕುವುದು ನಿಂತಿದ್ದರೆ ದಾರಿ ಕಟ್ಟಿದೆ ಅಥವಾ ಮಧ್ಯೆ ಸೋರಿದೆ. ಆ ಗುಳ್ಳೆ ಹೈಡ್ರೋಜನ್ ಮತ್ತು ಆಮ್ಲಜನಕ. ವೇಸ್ಟ್ ಕ್ಯಾನಿನ ಮುಚ್ಚಳ ಬಿಗಿಯಬೇಡಿ, ಕಿಟಕಿಯಿಲ್ಲದ ಕಪಾಟಿನೊಳಗೆ ಇಡಬೇಡಿ. ವಾರಗಟ್ಟಲೆ ಓಡಿಸದೆ ಇಟ್ಟಿದ್ದರೆ ಮೆಂಬ್ರೇನ್ ಒಣಗಿರುತ್ತದೆ: ಸಪ್ರೆಸರ್‌ನಲ್ಲಿ 'ಎಲುಯೆಂಟ್ ಔಟ್' ಎಂದು ಗುರುತಿಸಿದ ಕಡೆಯಿಂದ 3 ಎಂಎಲ್, 'ರೀಜನ್ ಇನ್' ಎಂದಿರುವ ಕಡೆಯಿಂದ 5 ಎಂಎಲ್ ಶುದ್ಧ ನೀರು ಮೆಲ್ಲಗೆ ತಳ್ಳಿ 20 ನಿಮಿಷ ಬಿಡಿ.

ಮೂರು ಕೋಣೆಯ ತಿರುಗುವ ಸಪ್ರೆಸರ್ ಇರುವವರಿಗೆ ಸುಲಭದ ಗುರುತು ಒಂದಿದೆ. ಪ್ರತಿ ಮೂರನೇ ರನ್ ಮಾತ್ರ ಕೆಟ್ಟದಾಗಿ ಬರುತ್ತಿದ್ದರೆ ಒಂದು ಕೋಣೆ ಮಾತ್ರ ಹಾಳಾಗಿದೆ. ಎಲ್ಲಾ ರನ್ ಕೆಟ್ಟರೆ ಸಲ್ಫ್ಯೂರಿಕ್ ಆಮ್ಲದ ಬಾಟಲಿ ಮತ್ತು ಪೆರಿಸ್ಟಾಲ್ಟಿಕ್ ಪಂಪಿನ ಚಪ್ಪಟೆಯಾದ ರಬ್ಬರ್ ಟ್ಯೂಬ್ ನೋಡಿ.

## ಹಂತ 7: ಕಾಲಂ ಮತ್ತು ಹಿಂದಿನ ಸ್ಯಾಂಪಲ್

ಸಿಗಡಿಗೆ ಹಾಕುವ ಪಾಲಿಫಾಸ್ಫೇಟ್ ಕಾರ್ಬೊನೇಟ್ ಎಲುಯೆಂಟ್‌ನಲ್ಲಿ ಕಾಲಂ ಹಿಡಿದು ಕೂರುತ್ತದೆ. ಬೆಳಿಗ್ಗೆ ಹಾಕಿದ್ದು ಮಧ್ಯಾಹ್ನ ಬಾವಿ ನೀರಿನ ರನ್‌ನಲ್ಲಿ ಉಬ್ಬಾಗಿ ಎದ್ದು ಬರಬಹುದು. ಪರೀಕ್ಷೆ ಸರಳ: ಬ್ಲಾಂಕ್ ಹಾಕಿ ಎಂದಿಗಿಂತ ಎರಡು ಪಟ್ಟು ಹೊತ್ತು ಓಡಿಸಿ. ಉಬ್ಬು ಬಂದು ಹೋದರೆ ಕಾಲಂ ಸರಿಯಿದೆ, ಸರದಿ ತಪ್ಪಿದೆ. ಮೀನಿನ ಸ್ಯಾಂಪಲ್‌ಗಳನ್ನು ಕೊನೆಗೆ ಇಡಿ.

ಸಮುದ್ರದ ನೀರಿನಲ್ಲಿ ಕ್ಲೋರೈಡ್ ಲೀಟರಿಗೆ ಸುಮಾರು 19,000 ಮಿಲಿಗ್ರಾಂ. ಏಪ್ರಿಲ್ ಮೇಯಲ್ಲಿ ಕಡಲ ಬದಿಯ ಬಾವಿಗೆ ಇದರ ಒಂದಿಷ್ಟು ನುಗ್ಗಿದರೂ ಗೆರೆಯಲ್ಲಿ ಕ್ಲೋರೈಡ್ ಶಿಖರದ ಬಾಲ ನೈಟ್ರೈಟ್ ಮೇಲೆ ಮಲಗುತ್ತದೆ. ಇದನ್ನು ಬೇಸ್‌ಲೈನ್ ಡ್ರಿಫ್ಟ್ ಎಂದುಕೊಳ್ಳುವವರು ಬಹಳ. ಕಂಡಕ್ಟಿವಿಟಿ ಮೀಟರ್ ಅದ್ದಿ ನೋಡಿ, ಹೆಚ್ಚಿದ್ದರೆ ತೆಳುಮಾಡಿ ಹಾಕಿ. ಎಲೆ ಕೊಳೆತ ಬಣ್ಣದ ಮಳೆಗಾಲದ ನೀರನ್ನು 0.45 ಮೈಕ್ರಾನ್ ಫಿಲ್ಟರ್ ಮಾತ್ರ ಕಾಪಾಡದು, ಸಾವಯವ ಹಿಡಿಯುವ ಕಾರ್ಟ್ರಿಜ್ ಬೇಕು.

ಗಾರ್ಡ್ ಕಾಲಂ (ಮುಖ್ಯ ಕಾಲಂ ಮುಂದಿನ ಪುಟ್ಟ ರಕ್ಷಕ ಕಾಲಂ) ತೆಗೆದು ಓಡಿಸಿದಾಗ ಒತ್ತಡ ಬಹಳ ಇಳಿದು ಗೆರೆ ಸರಿಯಾದರೆ ಗಾರ್ಡ್ ಬದಲಿಸಿದರೆ ಮುಗಿಯಿತು. ಕಾಲಂ ತೊಳೆಯಬೇಕಾದರೆ ಮೊದಲು ಸಪ್ರೆಸರ್ ಬಿಡಿಸಿ, ಕಾಲಂನ ಹೊರತುದಿ ನೇರ ಬೀಕರಿಗೆ ಬಿಡಿ. ಗಾರ್ಡನ್ನು ಹರಿವಿನಲ್ಲಿ ಕಾಲಂ ಆದ ಮೇಲೆ ಬರುವಂತೆ ಹಾಕಿ. ಇಲ್ಲದಿದ್ದರೆ ಗಾರ್ಡಿನ ಕೊಳೆಯೆಲ್ಲ ಕಾಲಂಗೆ ಹೋಗುತ್ತದೆ. ಯಾವ ದ್ರಾವಣ, ಎಷ್ಟು ಹೊತ್ತು ಎಂಬುದಕ್ಕೆ ಆ ಕಾಲಂನ ಕೈಪಿಡಿಯೇ ಕೊನೆಯ ಮಾತು. ಪಕ್ಕದ ಲ್ಯಾಬಿನವರ ಪಾಕ ಬೇರೆ ರೆಸಿನ್‌ಗೆ ವಿಷವಾಗಬಹುದು.

## ಹಂತ 8: ಸೆಲ್

ಇಲ್ಲಿಯವರೆಗೆ ಬಂದವರು ಕಡಿಮೆ. ಸೆಲ್ ಔಟ್ಲೆಟ್‌ಗೆ ಬ್ಯಾಕ್‌ಪ್ರೆಶರ್ ಟ್ಯೂಬ್ ಇದ್ದರೆ ಗುಳ್ಳೆ ಒಳಗೆ ಅರಳುವುದಿಲ್ಲ. ಯಾರಾದರೂ ಅದನ್ನು ಕತ್ತರಿಸಿ ಗಿಡ್ಡ ಮಾಡಿದ್ದಾರೆಯೇ ನೋಡಿ. ತೀರಾ ಉದ್ದ ಮಾಡಿದರೆ ಸಪ್ರೆಸರ್ ಒಡೆಯುತ್ತದೆ. ಆಮೇಲೆ 1 ಮಿಲಿಮೋಲಾರ್ ಪೊಟ್ಯಾಸಿಯಂ ಕ್ಲೋರೈಡ್ ನೇರ ಸೆಲ್‌ಗೆ ಕಳಿಸಿ: 25 ಡಿಗ್ರಿಗೆ ಲೆಕ್ಕ ಹಾಕಿ 147 ಮೈಕ್ರೋಸೀಮೆನ್ಸ್ ಹತ್ತಿರ ಬರಬೇಕು, ಬಂದು ಅಲುಗದೆ ನಿಲ್ಲಬೇಕು. ಸಂಖ್ಯೆ ತಪ್ಪಿದರೆ ಕ್ಯಾಲಿಬ್ರೇಟ್ ಮಾಡಿ. ಸಂಖ್ಯೆ ನಿಲ್ಲದೆ ಓಡುತ್ತಿದ್ದರೆ ಎಂಜಿನಿಯರ್‌ಗೆ ಫೋನ್ ಮಾಡುವ ಹೊತ್ತು.

ಫೋನ್ ಮಾಡುವಾಗ ಹಂತ 1ರ ಅಂಕಿಗಳು, ಹಂತ 2ರಲ್ಲಿ ಪಂಪ್ ನಿಲ್ಲಿಸಿದಾಗಿನ ಗೆರೆಯ ಪ್ರಿಂಟ್, ಅಳೆದ ಹರಿವು, ಸಪ್ರೆಸರ್ ಕರೆಂಟ್ ಇವಿಷ್ಟು ಎದುರಿಗಿರಲಿ. ಬೆಂಗಳೂರಿನಿಂದ ಘಾಟಿ ಇಳಿದು ಬರುವವರು ಸರಿಯಾದ ಭಾಗ ಚೀಲಕ್ಕೆ ಹಾಕಿಕೊಂಡು ಬರುತ್ತಾರೆ.

## ಮತ್ತೆ ಸ್ಯಾಂಪಲ್ ಯಾವಾಗ ಹಾಕಬಹುದು

ಅರ್ಧ ಗಂಟೆ ಖಾಲಿ ಬೇಸ್‌ಲೈನ್, ಎರಡು ಬ್ಲಾಂಕ್, ಒಂದು ಚೆಕ್ ಸ್ಟ್ಯಾಂಡರ್ಡ್ (ಪ್ರಮಾಣ ಗೊತ್ತಿರುವ ದ್ರಾವಣ). ಎರಡನೇ ಬ್ಲಾಂಕ್ ಮೊದಲನೆಯದರ ಮೇಲೆ ಕೂರಬೇಕು, ಸ್ಟ್ಯಾಂಡರ್ಡ್‌ನ ರಿಟೆನ್ಷನ್ ಸಮಯ ಹಿಂದಿನಂತೆಯೇ ಇರಬೇಕು. ಹಾಗೆ ಬಂದ ದಿನದ ಬೇಸ್‌ಲೈನನ್ನು ಪ್ರಿಂಟ್ ತೆಗೆದು ಬ್ಯಾಕ್‌ಗ್ರೌಂಡ್, ಒತ್ತಡ, ಕೋಣೆಯ ಉಷ್ಣತೆ, ದಿನಾಂಕ ಬರೆದು ಯಂತ್ರದ ಮೇಲಿನ ಗೋಡೆಗೆ ಅಂಟಿಸಿ. ಮುಂದಿನ ಸಲ ಹೋಲಿಸಬೇಕಾದ್ದು ಬ್ರೋಷರ್‌ನ ಗೆರೆಗೆ ಅಲ್ಲ, ಅದಕ್ಕೆ.